ಪ್ರಶ್ನೆಗಳಿಲ್ಲದ ಪ್ರಶ್ನೆಪತ್ರಿಕೆ

ನಮ್ಮ ಟೈಪಿಂಗ್ ಮಾಸ್ತರರ ಹತ್ತು ಬೆರಳುಗಳೂ ಒಂದು ಕಡೆ ಸುಮ್ಮನೆ ಕೂಡುವ ಜಾತಿಯವಲ್ಲ. ಚಹದಂಗಡಿಯ ಮೇಜು, ಸೈಕಲ್ಲಿನ ಹ್ಯಾಂಡಲ್ಲು, ತಮ್ಮದೇ ಮೊಣಕಾಲು, ಎದುರಿಗೆ ನಿಂತು ಮಾತಾಡುತ್ತಿರುವವನ ಹೆಗಲು, ಹೀಗೆ ಎಲ್ಲಿ ಕೈಯಿಟ್ಟರೆ ಅಲ್ಲಿ ಟೈಪು ಮಾಡುತ್ತಿದ್ದರು. ನಾವಾಡಿದ ಮಾತು ಮುಗಿಯುವ ಮೊದಲೇ ಅವರ ಬೆರಳುಗಳಲ್ಲಿ ದಾಖಲಾಗಿ, ಪೂರ್ಣವಿರಾಮವೂ ಬಿದ್ದಿರುತ್ತಿತ್ತು. ಉಗುರ ಸಂದಿಯಲ್ಲಿ ರಿಬ್ಬನ್ನಿನ ಮಸಿ. ಅದನ್ನು ತಿಕ್ಕಿ ತೊಳೆಯುವ ವ್ಯವಧಾನ ಅವರಿಗಿರಲಿಲ್ಲ. ಚಹವನ್ನೂ ಅರ್ಧ ಕುಡಿದು ಎದ್ದುಬಿಡುವರು. ಅವರು ಬಿಟ್ಟು ಹೋದ ಅರ್ಧ ಕಪ್ಪುಗಳು ಹುಬ್ಬಳ್ಳಿಯ ಎಷ್ಟು ಅಂಗಡಿಗಳಲ್ಲಿ ಅವರ ದಾರಿ ಕಾದು ತಣ್ಣಗಾದವೋ, ಆ ಸಂಶೋಧನೆಯನ್ನು ಇನ್ನೂ ಯಾರೂ ಕೈಗೊಂಡಿಲ್ಲ.

ದುರ್ಗದಬೈಲಿನ ಒಂದು ಬಟ್ಟೆಯಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಟೈಪಿಂಗ್ ಕ್ಲಾಸು. ಏಳು ಯಂತ್ರಗಳಿದ್ದವು. ಏಳಕ್ಕೂ ಏಳು ಸ್ವಭಾವ. ಕೆಳಗೆ ಬಜಾರದ ಗದ್ದಲ, ಮೇಲೆ ಯಂತ್ರಗಳ ಗದ್ದಲ, ನಡುವೆ ಗೋಡೆಯಿಂದ ಗೋಡೆಗೆ ತಿರುಗಾಡುವ ಮಾಸ್ತರರು. ಅಲ್ಲಿ ಕಲಿತವರು ಒಬ್ಬೊಬ್ಬರಾಗಿ ಕಚೇರಿಗಳಿಗೆ ಸೇರಿ ಸಂಸಾರಸ್ಥರಾಗುತ್ತಿದ್ದರು.

ನಾನು ಹೋದದ್ದು ಟೈಪಿಂಗ್ ಕಲಿಯಲಿಕ್ಕಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ಧಾರವಾಡದ ಕಾಲೇಜಿಗೆ ದಿನಾ ಹೋಗಿ ಬರುತ್ತಿದ್ದ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ದೇಶಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಹುಡುಗರನ್ನು ಆರಿಸುವ ಒಂದು ದೊಡ್ಡ ಇಂಜಿನಿಯರಿಂಗ್ ಕಾಲೇಜಿಗೆ ಸೇರಬೇಕು ಎಂಬುದು ಆ ಹುಳ. ವಯಸ್ಸಿನ ಮಿತಿಯ ಪ್ರಕಾರ ನನಗಿದ್ದದ್ದು ಒಂದೇ ಅವಕಾಶ. ಅದು ತಪ್ಪಿದರೆ ರೈಲ್ವೆಯಲ್ಲಿ ಕಾರಕೂನನ ನೌಕರಿ. ಸೋದರಮಾವ ಆಗಲೇ ಅಲ್ಲಿ ಮಾತಾಡಿ ಬಂದಿದ್ದ. ಆ ಮೂರು ತಿಂಗಳು ನನ್ನ ಕೈಯಲ್ಲಿ ಪುಸ್ತಕ ನಿಲ್ಲಲಿಲ್ಲ. ಭೌತಶಾಸ್ತ್ರ ತೆರೆದರೆ ಗಣಿತ ನೆನಪಾಗುತ್ತಿತ್ತು, ಗಣಿತ ತೆರೆದರೆ ಸೋದರಮಾವ ನೆನಪಾಗುತ್ತಿದ್ದ.

ಅರ್ಜಿಯ ಜೊತೆಗೆ ಹಚ್ಚಲು ಮಾರ್ಕ್‌ಶೀಟಿನ ನಕಲು ಬೇಕಾಗಿತ್ತು. ಅದನ್ನು ಟೈಪು ಮಾಡಿಸಲೆಂದು ಮಾಳಿಗೆ ಹತ್ತಿದೆ. ಮಾಸ್ತರರು ಮಾರ್ಕ್‌ಶೀಟನ್ನು ಬಿಟ್ಟು, ಅರ್ಜಿಯ ಜೊತೆಗೇ ಬಂದಿದ್ದ ನಿಯಮಗಳ ಪುಸ್ತಿಕೆಯನ್ನು ಎತ್ತಿಕೊಂಡು ತಿರುಗಾಡುತ್ತ ಓದತೊಡಗಿದರು. ಮೊದಲಿನಿಂದ ಕೊನೆಯವರೆಗೆ ಓದಿದರು. ಮುದ್ರಕರ ಹೆಸರನ್ನೂ ಬಿಡಲಿಲ್ಲ.

"ಇದನ್ನ ಓದೀಯೇನು?"

"ಓದೇನ್ರಿ."

"ಖರೇ ಹೇಳು."

"ಅರ್ಜಿ ತುಂಬೂದಷ್ಟ ಓದೇನ್ರಿ."

ಪತ್ರಿಕೆಯಲ್ಲಿ ಎಷ್ಟು ಭಾಗ, ಎಷ್ಟು ಕಡ್ಡಾಯ, ಎಷ್ಟರಲ್ಲಿ ಎಷ್ಟು ಬರೆಯಬೇಕು, ಹೆಚ್ಚು ಬರೆದರೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದರು. ನಾನು ಒಂದೊಂದಾಗಿ ಸುಮ್ಮನಿದ್ದೆ. ನಮ್ಮ ಕಾಲೇಜಿನಲ್ಲಿ ಯಾರೂ ಇಂಥದನ್ನು ಕೇಳುತ್ತಿರಲಿಲ್ಲ. ವಿಷಯ ಬಂದರೆ ಸಾಕು, ಪತ್ರಿಕೆ ತಾನಾಗಿ ದಾರಿ ಬಿಡುತ್ತದೆ ಎಂಬುದು ನಮ್ಮ ಪ್ರೊಫೆಸರರ ನಂಬಿಕೆ. ನಮಗೂ ಅದೇ ಅನುಕೂಲವಾಗಿತ್ತು.

"ನೀ ಓದೂ ವಿಷಯದ ಗಂಧಾನೂ ನನಗಿಲ್ಲ," ಎಂದರು ಮಾಸ್ತರರು. "ಆದ್ರ ಕಾಗದ ಅಂದ್ರೇನು ಅನ್ನೂದು ನನಗ ಗೊತ್ತೈತಿ. ನಾಳಿ ಮುಂಜಾನಿ ಬಾ."

ಮರುದಿನ ಅವರು ನನ್ನ ಮುಂದಿಟ್ಟದ್ದು ಒಂದು ಪ್ರಶ್ನೆಪತ್ರಿಕೆ. ಅಚ್ಚುಕಟ್ಟಾಗಿ ಟೈಪು ಮಾಡಿದ್ದು. ಮೇಲೆ ಸೂಚನೆಗಳು, ಕೆಳಗೆ 'ಎ' ಭಾಗ, 'ಬಿ' ಭಾಗ, ಅಂಕಿಗಳು, ಬಲಗಡೆ ಕಂಸದಲ್ಲಿ ಮಾರ್ಕುಗಳು. ಪ್ರಶ್ನೆಗಳು ಮಾತ್ರ ಇರಲಿಲ್ಲ. ಅಂಕಿಯ ಮುಂದೆ ಚುಕ್ಕಿ ಸಾಲುಗಳು. ಇದಕ್ಕೆ ನಾನು ಮೂರು ತಾಸು ಕೂತು ಉತ್ತರ ಬರೆಯಬೇಕು.

ಏನು ಬರೆಯಲಿ ಎಂದು ಕೇಳಿದೆ. ಏನಾದರೂ ಬರೆ ಎಂದರು. ಬೇಕಾದರೆ ಅಡಿಗೆಯ ಪದಾರ್ಥಗಳ ಪಟ್ಟಿ ಬರೆ. ಆದರೆ 'ಎ' ಭಾಗ ಐವತ್ತು ನಿಮಿಷಕ್ಕೆ ಮುಗಿಯಬೇಕು, 'ಬಿ' ಭಾಗದ ಏಳರಲ್ಲಿ ನಾಲ್ಕನ್ನು ಆರಿಸಬೇಕು, ಎರಡು ಭಾಗಗಳಿಗೆ ಎರಡು ಬೇರೆ ಉತ್ತರಪತ್ರಿಕೆ, ಮೊದಲ ಹತ್ತು ನಿಮಿಷ ಪೆನ್ನು ಮುಟ್ಟಬಾರದು. ಏಳು ಯಂತ್ರಗಳ ನಡುವೆ ನನಗೊಂದು ಸ್ಟೂಲು ಹಾಕಿದರು. ಈ ಗದ್ದಲದಲ್ಲಿ ಆಗುವುದಿಲ್ಲ ಎಂದಾಗ, ಸಂತೆಯಲ್ಲಿ ಕೂತು ಬರೆದವನಿಗೆ ಪರೀಕ್ಷೆಯ ಕೋಣೆ ದೇವರ ಗುಡಿಯಾಗುತ್ತದೆ ಎಂದು ಸಮಾಧಾನ ಹೇಳಿ, ಮತ್ತೊಬ್ಬನ ಮಾರ್ಜಿನ್ನು ಸರಿಮಾಡಲು ಓಡಿದರು.

ಹೀಗೆ ನಾನು ಅತ್ಯಂತ ಗಂಭೀರವಾಗಿ, ಕೇಳದ ಪ್ರಶ್ನೆಗಳಿಗೆ ಉತ್ತರ ಬರೆಯಲು ಕುಳಿತೆ. ಹತ್ತು ನಿಮಿಷ ಪೆನ್ನು ಮುಟ್ಟದೆ ಇರುವುದೆಂದರೆ ಕೆಂಡದ ಮೇಲೆ ಕೂತಂತೆ. ಹತ್ತನೆಯ ನಿಮಿಷ ಮುಗಿದ ಕ್ಷಣ ಪೆನ್ನು ಎತ್ತಿ, ಹಾಳೆಯ ನೆತ್ತಿಯ ಮೇಲೆ 'ಶ್ರೀ' ಎಂದು ಬರೆದು ಮೊದಲ ಉತ್ತರ ಶುರುಮಾಡಿದೆ. ಹಿಂದಿನಿಂದ ಒಂದು ಮಸಿಗೈ ಬಂದು ಹಾಳೆಯನ್ನು ಎಳೆದುಕೊಂಡು ಹೋಯಿತು.

"ನಾಪಾಸ್. ಮನೀಗೆ ನಡಿ."

ಪುಸ್ತಿಕೆಯ ಹದಿಮೂರನೆಯ ನಿಯಮವನ್ನು ಓದಿ ತೋರಿಸಿದರು. ಉತ್ತರ ಮತ್ತು ರೋಲ್ ನಂಬರಿನ ಹೊರತು ಯಾವ ಹೆಸರು, ಗುರುತು, ಚಿಹ್ನೆ, ಪ್ರಾರ್ಥನೆ ಕಂಡರೂ ಆ ಉತ್ತರಪತ್ರಿಕೆ ರದ್ದು. ಕನ್ನಡದಲ್ಲಿ 'ಶ್ರೀ' ಕಂಡರೆ ಹುಡುಗ ಯಾವ ಸೀಮೆಯವನೆಂದು ತಪಾಸಣೆ ಮಾಡುವವರಿಗೆ ತಿಳಿಯುವುದಿಲ್ಲವೇ ಎಂದರು.

ಬರೆಯದಿರುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಕಡೆ ಕಾಗದ, ಪತ್ರ, ಕಿರಾಣಿ ಚೀಟಿ ಯಾವುದೂ 'ಶ್ರೀ' ಇಲ್ಲದೆ ಹುಟ್ಟುತ್ತಿರಲಿಲ್ಲ. ಅದೂ ನನ್ನ ಅಪ್ಪ ಕಮರಿಪೇಟೆಯ ಕನ್ನಡ ಶಾಲೆಯ ಮಾಸ್ತರ. ಮೂವತ್ತು ವರ್ಷ ಮಕ್ಕಳ ಕೈಹಿಡಿದು ಪಾಟಿಯ ಮೇಲೆ ಮೊದಲು ತಿದ್ದಿಸಿದ್ದೇ 'ಶ್ರೀ'. ಎರಡನೆಯ ದಿನವೂ ನನ್ನ ಕೈ ನನ್ನನ್ನು ಕೇಳದೆ ಬರೆಯಿತು. ಮೂರನೆಯ ದಿನ 'ಶ'ಕಾರದ ಹೊಟ್ಟೆಯವರೆಗೆ ಹೋಗಿ ನಿಂತಿತು. ನಾಪಾಸಿನ ಸುದ್ದಿ ಮನೆಗೆ ಮುಟ್ಟಿ, ನಾಲ್ಕನೆಯ ದಿನ ಅಪ್ಪನೇ ರುಮಾಲು ಸುತ್ತಿಕೊಂಡು ಮಾಳಿಗೆ ಹತ್ತಿದ.

"ಏನ್ರಿ ಮಾಸ್ತರ, ನನ್ನ ಮಗಗ ದೇವರ ಹೆಸರು ಬಿಡಾಕ ಹಚ್ಚೀರಂತ?"

"ಬಿಡಾಕ ಅಲ್ರಿ ಗುರುಗಳ. ಮಸೀಲೆ ಬರೀಬ್ಯಾಡ ಅಂದೇನಿ, ಅಷ್ಟ."

"ಮಸಿ ಇಲ್ದ ಬರಿಯೂದು ಹ್ಯಾಂಗ್ರಿ?"

ಮಾಸ್ತರರು ತಮ್ಮ ತೋರುಬೆರಳಿನಿಂದ ಮೇಜಿನ ಮೇಲೆ ಒಂದು 'ಶ್ರೀ' ಬರೆದರು. ಮೇಜು ಇದ್ದ ಹಾಗೆಯೇ ಇತ್ತು.

"ಹಿಂಗ. ಓದಾಂವಗ ಓದಾಕ ಬರತೈತಿ. ತಪಾಸಣಿ ಮಾಡಾಂವಗ ಕಾಣಂಗಿಲ್ಲ."

ಅಪ್ಪ ಮೇಜಿನ ಮೇಲೆ ಬಗ್ಗಿ ನೋಡಿದ. ಆಮೇಲೆ, ದೀರ್ಘ ಸರಿಯಾಗಿ ಎಳೆದಿಲ್ಲ ಎಂದು ತಿದ್ದಿ, ತಾನೇ ಬೆರಳಿನಿಂದ ಮತ್ತೊಮ್ಮೆ ಬರೆದು ತೋರಿಸಿ, ಕೆಳಗಿಳಿದು ಹೋದ. ಅಲ್ಲಿಗೆ ಧರ್ಮಸಂಕಟ ಪರಿಹಾರವಾಯಿತು. ಮುಂದೆ ಎರಡು ತಿಂಗಳು ನಾನು ಆ ಖಾಲಿ ಪತ್ರಿಕೆಯನ್ನು ಬರೆದೆ. ಎಷ್ಟು ಸಲ ಬರೆದೆನೆಂದರೆ, ಕನಸಿನಲ್ಲೂ ಏಳರಲ್ಲಿ ನಾಲ್ಕನ್ನೇ ಆರಿಸುತ್ತಿದ್ದೆ.

ಪರೀಕ್ಷೆ ಬೆಂಗಳೂರಿನಲ್ಲಿ. ಹಾವೇರಿ ಸ್ಟೇಶನ್ನಿನಲ್ಲಿ ಒಬ್ಬ ಹುಡುಗ ರೈಲು ಹತ್ತಿದ. ಅವನೂ ಅದೇ ಪರೀಕ್ಷೆಗೆ ಹೊರಟವನು. ನನಗಿಂತ ಒಂದು ವರ್ಷ ಚಿಕ್ಕವನು, ನನಗಿಂತ ಎರಡು ಪಟ್ಟು ಬುದ್ಧಿವಂತ. ರಾಣೆಬೆನ್ನೂರು ಬರುವಷ್ಟರಲ್ಲಿ ಎರಡನೆಯದು ನನಗೆ ಖಾತ್ರಿಯಾಗಿತ್ತು. ತನ್ನ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಅರ್ಧ ನನಗೆ ಕೊಟ್ಟ. ತಿನ್ನುತ್ತ, ಪುಸ್ತಿಕೆಯನ್ನು ಊರಲ್ಲೇ ಮರೆತು ಬಂದೆ, ಪತ್ರಿಕೆ ಹೇಗಿರುತ್ತದೋ ನಿನಗೇನಾದರೂ ಗೊತ್ತೇ ಎಂದು ಕೇಳಿದ. ಮಾಸ್ತರರ ಖಾಲಿ ಪತ್ರಿಕೆ ನನ್ನ ಟ್ರಂಕಿನೊಳಗೆ, ಅವನ ಕಾಲ ಕೆಳಗೇ ಇತ್ತು.

"ಅಲ್ಲೇ ಹೇಳ್ತಾರ ಬಿಡು," ಎಂದೆ.

ಇಳಿಯುವಾಗ ತನ್ನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಪರೀಕ್ಷೆಯ ಕೋಣೆಯಲ್ಲಿ ಪತ್ರಿಕೆ ಕೈಗೆ ಬಂದಾಗ ನೋಡಿದರೆ, ಪುಸ್ತಿಕೆಯಲ್ಲಿದ್ದ ಮಾದರಿಯನ್ನೇ ಬದಲಿಸಿಬಿಟ್ಟಿದ್ದರು. ಎರಡು ಭಾಗಗಳಿರಲಿಲ್ಲ, ಮೂರಿದ್ದವು. ಏಳರಲ್ಲಿ ನಾಲ್ಕಲ್ಲ, ಎಂಟರಲ್ಲಿ ಐದು. ಎರಡು ತಿಂಗಳ ತಪಸ್ಸು ಮಣ್ಣಾಯಿತೆಂದುಕೊಂಡೆ. ಆದರೆ ಕೈ ತಾನಾಗಿ ಪೆನ್ನನ್ನು ಬದಿಗಿಟ್ಟು ಕೂತಿತು. ಕಣ್ಣು ತಾನಾಗಿ ಸೂಚನೆಗಳನ್ನು ಓದತೊಡಗಿತು. ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಮೂರು ಭಾಗಗಳಿಗೂ ಹೊತ್ತು ಹಂಚಿಯಾಗಿತ್ತು. ಮಾಸ್ತರರು ಕಲಿಸಿದ್ದು ಆ ಪತ್ರಿಕೆಯನ್ನಲ್ಲ, ಯಾವ ಪತ್ರಿಕೆಯನ್ನಾದರೂ ಓದುವುದನ್ನು ಎಂದು ನನಗೆ ಗೊತ್ತಾದದ್ದು ಅಲ್ಲಿ. ಬೆರಳಿನಿಂದ ಬೆಂಚಿನ ಮೇಲೆ 'ಶ್ರೀ' ಬರೆದು ತಲೆಯೆತ್ತಿದರೆ, ಮುಂದಿನ ಸಾಲಿನಲ್ಲಿ ಹಾವೇರಿಯ ಹುಡುಗ. ಹಾಳೆಯ ನೆತ್ತಿಯ ಮೇಲೆ, ದುಂಡಗೆ, ಮಸಿಯಲ್ಲಿ ಅವನೂ ಅದನ್ನೇ ಬರೆಯುತ್ತಿದ್ದ. ನಾನು ಬಾಯಿ ತೆರೆಯುವಂತಿರಲಿಲ್ಲ. ತೆರೆಯಬೇಕಾದ ಜಾಗ ರಾಣೆಬೆನ್ನೂರಿನ ಆಚೆಯೇ ದಾಟಿಹೋಗಿತ್ತು.

ನನ್ನ ಹೆಸರು ಪಟ್ಟಿಯಲ್ಲಿ ಬಂತು. ಅವನದು ಬರಲಿಲ್ಲ. ಕಾರಣ ಅದೇ ಎಂದು ಯಾರೂ ಹೇಳಲಿಲ್ಲ. ಇಂಥ ಕಾರಣಗಳನ್ನು ಯಾರೂ ತಿಳಿಸುವುದಿಲ್ಲ.

ಸುದ್ದಿ ಹೇಳಲು ಮಾಳಿಗೆ ಹತ್ತಿದೆ. ಮಾಸ್ತರರು ಏಳೂ ಯಂತ್ರಗಳನ್ನು ನಿಲ್ಲಿಸಿ ಎಲ್ಲರಿಗೂ ಸಾರಿದರು. ಆ ಹುರುಪಿನಲ್ಲಿ, ಪತ್ರಿಕೆ ಮೂರು ಭಾಗವಾದದ್ದನ್ನು ಹೇಳಿ, ಅವರು ನಕ್ಕಾರೆಂದು, ಹಾವೇರಿಯ ಹುಡುಗನ 'ಶ್ರೀ'ಯ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ.

"ರೈಲಿನ್ಯಾಗ ಅವಂಗ ಹೇಳಲಿಲ್ಲೇನು?"

"ಇಲ್ರಿ."

"ಅಂವ ಕೇಳಲಿಲ್ಲೇನು?"

"ಕೇಳಿದ್ನರಿ."

ಮಾಸ್ತರರು ಕಿಟಕಿಯವರೆಗೆ ಹೋಗಿ ತಿರುಗಿ ಬಂದರು.

"ನನಗ ಲೆಕ್ಕ ಬರೂದಿಲ್ಲ, ನಿನಗ ಬರತೈತಿ. ಒಬ್ಬ ಹುಡುಗ ಬಿದ್ರ ನಿನ್ನ ಮಾರ್ಕು ಎಷ್ಟ ಏರತಾವು, ಅಷ್ಟ ಹೇಳು ನನಗ."

ಅಂಥ ಪ್ರಶ್ನೆಗೆ ನನ್ನನ್ನು ಯಾರೂ ತಯಾರು ಮಾಡಿರಲಿಲ್ಲ. ಅವನ ವಿಳಾಸ ಇದೆಯೇ ಎಂದು ಕೇಳಿದರು. ಮರುದಿನ ಚೀಟಿ ತಂದುಕೊಟ್ಟೆ. ಏನು ಮಾಡುತ್ತೀರೆಂದು ಕೇಳುವ ಧೈರ್ಯವಾಗಲಿಲ್ಲ, ಅವರೂ ಹೇಳಲಿಲ್ಲ. ಅಷ್ಟರಲ್ಲಿ ಯಾರದೋ ಯಂತ್ರದ ರಿಬ್ಬನ್ನು ಹರಿದು ಅತ್ತ ಓಡಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕಾಲೇಜು ಸೇರಿದ ಮೊದಲ ವರ್ಷ ಮುಗಿಯುವ ಮೊದಲೇ, ಟೈಪಿಂಗ್ ಮಾಸ್ತರರು ಎದೆನೋವಿನಿಂದ ತೀರಿಕೊಂಡರೆಂದು ಅಪ್ಪನ ಪತ್ರ ಬಂತು.

ಎರಡನೆಯ ವರ್ಷದ ಮೊದಲ ವಾರ ನನ್ನ ಹಾಸ್ಟೆಲ್ ಕೋಣೆಯ ಬಾಗಿಲಲ್ಲಿ ಹಾವೇರಿಯ ಹುಡುಗ ನಿಂತಿದ್ದ. ಆ ವರ್ಷ ಬರೆದು, ನನಗಿಂತ ಬಹಳ ಮೇಲಿನ ಸ್ಥಾನದಲ್ಲಿ ಪಾಸಾಗಿ ಬಂದಿದ್ದ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದ. ಅದು ಖಾಲಿ ಪ್ರಶ್ನೆಪತ್ರಿಕೆ, ಈಗ ಮೂರು ಭಾಗಗಳದ್ದು. ಜೊತೆಗೆ ಹದಿಮೂರನೆಯ ನಿಯಮ ಕೆಂಪು ರಿಬ್ಬನ್ನಿನಲ್ಲಿ.

"ನೀ ಇದನ್ನ ಕಳಸದ ಹೋಗಿದ್ರ ಈ ಸಲಾನೂ ನನ್ನ ಕಥಿ ಮುಗೀತಿತ್ತು," ಎಂದ. "ರೈಲಿನ್ಯಾಗಿನ ಗುರುತಿಗೆ ಇಷ್ಟ ನೆನಪಿಟ್ಟಿ."

ಕಾಗದದ ಕೆಳಗೆ, ಕಳಿಸಿದವರ ಜಾಗದಲ್ಲಿ, ನನ್ನ ಹೆಸರು ಟೈಪಾಗಿತ್ತು. ನಾನು ಆ ಹೆಸರನ್ನು ನೋಡಿದೆ. ಒಳಗೆ ಬಾ, ಕೂಡು ಎಂದೆ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ.

ಅವನು ಇವತ್ತಿಗೂ ನನ್ನ ಅತ್ಯಂತ ಹಳೆಯ ಗೆಳೆಯ. ತನ್ನ ಮೊಮ್ಮಕ್ಕಳಿಗೆ ನನ್ನನ್ನು ತೋರಿಸಿ, ದೊಡ್ಡ ಮನಸ್ಸಿನ ಮನುಷ್ಯ ಎಂದು ಪರಿಚಯ ಮಾಡಿಕೊಡುತ್ತಾನೆ. ನಾನು ತಲೆಬಾಗಿ ಸ್ವೀಕರಿಸುತ್ತ ಬಂದಿದ್ದೇನೆ. ನಾನು ಬರೆದದ್ದನ್ನೆಲ್ಲ ತಪ್ಪದೆ ಓದುವ ಕೆಟ್ಟ ಚಟ ಅವನಿಗಿದೆ, ಇದನ್ನೂ ಓದುತ್ತಾನೆ. ಓದಲಿ. ಆ ಕಾಗದ ಕಳಿಸಿದವನು ನಾನಲ್ಲ, ಗೆಳೆಯಾ.