ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ ಮೌಲಾಸಾಬರು

ಗಿರಾಕಿ ತನ್ನ ಪಿನ್ ಒತ್ತುವ ಹೊತ್ತಿಗೆ ಮೌಲಾಸಾಬರು ಕುರ್ಚಿಯನ್ನು ಪೂರ್ತಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು. ಕಣ್ಣು ಮುಚ್ಚಿಕೊಂಡರೆ ಸಾಲದು, ಕತ್ತು ಹೊರಳಿಸಿದರೂ ಸಾಲದು, ಇಡೀ ಮೈ ತಿರುಗಬೇಕು. ಗೋಡೆಯ ಮೇಲೆ ಬೀಜದ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರ್ ಇತ್ತು. ಅದರಲ್ಲಿ ಕಾಯಿ ತುಂಬಿದ ಒಂದು ತೊಗರಿ ಗಿಡದ ಚಿತ್ರ. "ಆತೇನ್ರಿ?" ಎಂದು ಅವರು ಆ ತೊಗರಿ ಗಿಡವನ್ನೇ ಕೇಳುತ್ತಿದ್ದರು. ಹಿಂದಿನಿಂದ "ಆತ್ರಿ" ಎಂಬ ಉತ್ತರ ಬಂದ ಮೇಲೆಯೇ ತಿರುಗುತ್ತಿದ್ದರು. ಕೆಲವು ಮುದುಕಿಯರಿಗೆ ಆರು ಅಂಕಿ ಒತ್ತಲು ಐದು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಅವರು ತೊಗರಿ ಗಿಡ ನೋಡುತ್ತಿದ್ದರು.

ಬಸವಕಲ್ಯಾಣದ ತಹಸೀಲ್ ಕಚೇರಿಗೆ ಹೋಗುವ ದಾರಿಯಲ್ಲಿ, ಬಳೆ ಅಂಗಡಿಯ ಪಕ್ಕಕ್ಕೆ, ಅವರ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಒಂದು ಬೆಂಚು. ಕಂಪ್ಯೂಟರ್ ಬರುವ ಮೊದಲು ಅವರು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದರು. ಆ ಕಾಲದ ಎರಡು ಗುರುತುಗಳು ಕೊನೆಯವರೆಗೂ ಉಳಿದವು. ಒಂದು, ಕಿವಿಯ ಮೇಲಿನ ಪೆನ್ನು. ಅದರಿಂದ ಅವರು ಏನಾದರೂ ಬರೆದದ್ದನ್ನು ನಾನು ನೋಡಿಲ್ಲ. ಇನ್ನೊಂದು, ಯಾವ ಕಾಗದವನ್ನೂ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳದೆ ಯಾರಿಂದಲೂ ಹೆಬ್ಬೆಟ್ಟು ಒತ್ತಿಸುತ್ತಿರಲಿಲ್ಲ. "ಕೇಳಲಾರದ ಕಾಗದಕ್ಕ ಹೆಬ್ಬಟ್ಟ ಒತ್ತೋದಂದ್ರ ಕಣ್ಣ ಕಟಗೊಂಡು ಬಾವಿ ದಾಟಿದಂಗ" ಎನ್ನುತ್ತಿದ್ದರು.

ತಾಲ್ಲೂಕು ವರದಿಗಾರನಾಗಿ ನಾನು ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದೆ. ಕಚೇರಿಯಲ್ಲಿ ಸಿಗದ ಸುದ್ದಿ ಆ ಬೆಂಚಿನ ಮೇಲೆ ಸಿಗುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತಾಗ ಬೆಂಚಿನ ಮೇಲಿದ್ದವರು ಚಡಪಡಿಸುತ್ತಿದ್ದರು. ಮೌಲಾಸಾಬರು ಚಹಾವನ್ನು ಬಸಿಗೆ ಸುರಿದುಕೊಂಡು, "ತಿರಗಲಿ ಬಿಡ್ರಿ. ನಮ್ಮ ಬಸ್ಸೇನ ಹೋಗಾಕತ್ತಿಲ್ಲ" ಎನ್ನುತ್ತಿದ್ದರು.

ಅವರ ಮೇಜಿನ ಮೇಲೆ ಒಂದು ಫೋನು ಸದಾ ಇರುತ್ತಿತ್ತು. ಅದು ದಿನವಿಡೀ ಟಿಣ್ ಎನ್ನುತ್ತಿತ್ತು. ಕಾರಣ ಹೀಗಿದೆ. ನಮ್ಮ ಕಡೆ ವಿಧವಾ ವೇತನ, ವೃದ್ಧಾಪ್ಯ ವೇತನಗಳಿಗೆ ಜನ 'ಪಗಾರ' ಎನ್ನುತ್ತಾರೆ. ಈ ಪಗಾರದ ಅರ್ಜಿ ಆನ್‌ಲೈನ್ ಆದಾಗ ಪ್ರತಿಯೊಬ್ಬರಿಗೂ ಒಂದು ಮೊಬೈಲ್ ನಂಬರ್ ಬೇಕಾಯಿತು. ಹಳ್ಳಿಯ ಹೆಂಗಸರ ಹತ್ತಿರ ಫೋನು ಇರಲಿಲ್ಲ. ಮನೆಯಲ್ಲಿದ್ದ ಒಂದು ಫೋನು ಮಗನ ಜೊತೆ ಪುಣೆಯಲ್ಲೋ ಸೊಲ್ಲಾಪುರದಲ್ಲೋ ಇರುತ್ತಿತ್ತು. ಮೌಲಾಸಾಬರು ಯೋಚಿಸಲಿಲ್ಲ, ಎಲ್ಲರ ಹೆಸರಿನ ಮುಂದೆಯೂ ತಮ್ಮ ನಂಬರನ್ನೇ ಹಾಕಿದರು. ಪಾಸ್‌ವರ್ಡನ್ನೂ ಒಂದೇ ಇಟ್ಟರು. ಹೀಗಾಗಿ ಹುಲಸೂರ, ಮಂಠಾಳ, ರಾಜೇಶ್ವರದ ಎಷ್ಟೋ ಹೆಂಗಸರ ಓಟಿಪಿ ಬಂದು ಬೀಳುತ್ತಿದ್ದದ್ದು ಅವರ ಒಂದೇ ಫೋನಿಗೆ. ಶುಕ್ರವಾರ ನಮಾಜಿಗೆ ಹೋಗುವಾಗ ಅವರು ಫೋನನ್ನು ಬಳೆ ಅಂಗಡಿಯ ರತ್ನಾಬಾಯಿಯ ಕೈಗೆ ಕೊಟ್ಟು, "ಮಂದೀದ ಅದ, ಜ್ವಾಕಿ" ಎಂದು ಹೇಳಿ ಹೋಗುತ್ತಿದ್ದರು.

ಸರಕಾರದ ಹೊಸ ಲಾಗಿನ್ ಬಂದದ್ದು ಈ ವ್ಯವಸ್ಥೆಯ ಮೇಲೆ. ನಿಯಮ ಸರಳವಾಗಿತ್ತು. ಒಬ್ಬರಿಗೆ ಒಂದೇ ನಂಬರ್, ಆ ನಂಬರು ಅವರ ಹೆಸರಿನಲ್ಲೇ ಇರಬೇಕು. ಆರು ಅಂಕಿಯ ಪಿನ್ನನ್ನು ಅವರೇ ಇಟ್ಟುಕೊಳ್ಳಬೇಕು. ತಿಂಗಳ ಕೊನೆಗೆ ಹಳೆಯ ಲಾಗಿನ್ ಮುಚ್ಚುತ್ತದೆ. ಅಷ್ಟರೊಳಗೆ ಬದಲಾಗದವರು ತಾವು ಜೀವಂತ ಇದ್ದೇವೆಂದು ವರ್ಷಕ್ಕೊಮ್ಮೆ ದಾಖಲಿಸಲು ಆಗುವುದಿಲ್ಲ, ದಾಖಲಾಗದಿದ್ದರೆ ಪಗಾರ ನಿಲ್ಲುತ್ತದೆ.

ಅದೇ ಕಸುಬಿನ ಒಬ್ಬರು ಬಂದು ಸುಲಭದ ದಾರಿ ಹೇಳಿದರು. ಎಲ್ಲರ ಹೆಸರಿನಲ್ಲೂ ಸಿಮ್ ತೆಗೆಸಿ, ಒಂದು ಡಬ್ಬಿಯಲ್ಲಿ ಹಾಕಿ ಅಂಗಡಿಯಲ್ಲೇ ಇಟ್ಟುಕೊಳ್ಳುವುದು, ಎಲ್ಲಕ್ಕೂ ಒಂದೇ ಪಿನ್. "ಗಿರಾಕಿ ಎಲ್ಲೂ ಹೋಗಂಗಿಲ್ಲ, ನಿಮ್ಮ ಹಂತ್ಯಾಕ ಬರಬೇಕು" ಎಂದರು. ಮೌಲಾಸಾಬರು ಬಸಿಯ ಚಹಾ ಮುಗಿಸಿ ಹೇಳಿದರು: "ಕೀಲಿ ಕೈ ಮನಿಯವರ ಹಂತ್ಯಾಕ ಇದ್ರ ಕೀಲಿ ಕೈ. ನನ್ನ ಹಂತ್ಯಾಕ ಇದ್ರ ಕಳ್ಳನ ಸಾಮಾನ."

ಮರುದಿನ ಅಂಗಡಿಗೆ ಬೀಗ ಹಾಕಿ, ಒಂದು ಲ್ಯಾಪ್‌ಟಾಪ್ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಸುದ್ದಿ ಮಾಡುವ ಉದ್ದೇಶದಿಂದ ನಾನೂ ಎರಡು ದಿನ ಜೊತೆಗಿದ್ದೆ.

ಮೊದಲ ದಿನ ಮಂಠಾಳ. ಮೌಲಾಸಾಬರು ಮೊದಲೇ ಹೇಳಿ ತೆಗೆಸಿದ್ದ ಹೊಸ ಸಿಮ್ ಹಾಕಿದ ಸಣ್ಣ ಫೋನುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹನ್ನೆರಡು ಹೆಂಗಸರು ಸಮುದಾಯ ಭವನದ ಕಟ್ಟೆಯ ಮೇಲೆ ಕೂತಿದ್ದರು. ಒಬ್ಬೊಬ್ಬರೇ ಒಳಗೆ ಬಂದು ಪಿನ್ ಒತ್ತಿ ಹೋಗಬೇಕು. ಹನ್ನೊಂದು ಜನ ಆಶ್ಚರ್ಯವಾಗುವಷ್ಟು ಬೇಗ ಮುಗಿಸಿದರು. ಹನ್ನೆರಡನೆಯವಳು ಬಂದು ಕೂತು, "ಕಾಶಿಬಾಯಿದ ನಂಬರ ಹಚ್ಚಲೇನ್ರಿ?" ಎಂದಳು.

ಮೌಲಾಸಾಬರ ಕೈ ನಿಂತಿತು. "ಕಾಶಿಬಾಯಿದು ಯಾವ ನಂಬರ?"

"ಎಲ್ಲಾರೂ ಹಚ್ಯಾರಲ್ರಿ, ಅದ."

ಕಾಶಿಬಾಯಿ ಆ ಓಣಿಯ ಹಿರಿಯಳು. ಮೊದಲು ಪಿನ್ ಇಟ್ಟವಳು ಅವಳೇ. ಕರೆಸಿ ಕೇಳಿದಾಗ ಅವಳಿಗೆ ತಪ್ಪೇನೆಂದು ತಿಳಿಯಲಿಲ್ಲ. "ನಂದು ಚೊಲೋ ಬಂತು, ಎಲ್ಲಾರಿಗೂ ಕೊಟ್ಟೆ. ನಮ್ಮ ಓಣ್ಯಾಗ ಹೆಪ್ಪ ಯಾರ ಮನಿಯಾಗ ಇದ್ರೂ ಎಲ್ಲಾರ ಮನಿಯಾಗೂ ಮಸರು. ಹಂಗ ಇದೂ."

"ಹೆಪ್ಪ ಕೊಡ್ರಿ, ಉಪ್ಪ ಕೊಡ್ರಿ, ಇದನ್ನ ಮಾತ್ರ ಕೊಡಬ್ಯಾಡ್ರಿ. ಬಾಯಾಗ ಹಾಕ್ಕೊಂಡ ಎಲಿ ಅಡಿಕಿ ಇನ್ನೊಬ್ಬರಿಗಿ ಕೊಡ್ತೀರೇನ್ರಿ?"

"ಬಾಯಾಗ ಹಾಕ್ಕೊಳ್ಳೂಕಿಂತ ಮೊದಲ ಅರ್ಧಾ ಮುರದು ಕೊಟ್ಟಿರ್ತೀವಲ್ರಿ ಸಾಬ್ರ" ಎಂದಳು ಕಾಶಿಬಾಯಿ.

ಕಟ್ಟೆಯೆಲ್ಲ ನಕ್ಕಿತು. ಮೌಲಾಸಾಬರೂ ನಕ್ಕರು. ನಗುತ್ತಲೇ ಮೊದಲಿನ ಹೆಸರಿಗೆ ಹೋಗಿ ಎಲ್ಲವನ್ನೂ ಮತ್ತೆ ಶುರು ಮಾಡಿದರು. ಈ ಸಲ ಪ್ರತಿಯೊಬ್ಬರಿಗೂ ಒಂದೇ ಮಾತು: "ನಿಮಗಷ್ಟ ಗೊತ್ತಿದ್ದದ್ದು, ಇನ್ನ ಯಾರಿಗೂ ಗೊತ್ತಿರಲಾರದ್ದು ಏನರ ಒಂದು ನೆನಸ್ರಿ. ಅದರ ಮ್ಯಾಲ ಆರು ಅಂಕಿ ಮಾಡಿಕೊಳ್ರಿ." ಅವರಲ್ಲಿ ಒಬ್ಬಳು, "ನನ್ನದು ಅಂತ ಅಂಥಾ ಗುಟ್ಟು ಒಂದೂ ಇಲ್ರಿ" ಎಂದಳು.

"ಇವತ್ತಿನಿಂದ ಒಂದು ಇರ್ಲಿ, ಅಕ್ಕಾ" ಎಂದರು ಮೌಲಾಸಾಬರು.

ಅವರು ಯಾವಾಗಲೂ ಹೇಳುತ್ತಿದ್ದ ಬಸ್ಸು ಅವತ್ತು ನಿಜವಾಗಿಯೂ ಹೋಯಿತು. ತರಕಾರಿ ಟೆಂಪೋದಲ್ಲಿ ಟೊಮೆಟೊ ಬುಟ್ಟಿಗಳ ನಡುವೆ ಕೂತು ನಾವು ಬಸವಕಲ್ಯಾಣಕ್ಕೆ ಮರಳಿದೆವು.

ಎರಡನೆಯ ದಿನ ರಾಜೇಶ್ವರ. ಅಲ್ಲಿ ಉಳಿದಿದ್ದದ್ದು ಒಬ್ಬರೇ, ಗುರುಬಾಯಿ. ಗಂಡ ತೀರಿದ ಮೇಲೆ ಮೈದುನನ ಮನೆಯಲ್ಲಿದ್ದರು. ಒಬ್ಬಳೇ ಮಗಳನ್ನು ಹುಮನಾಬಾದಿಗೆ ಕೊಟ್ಟಿತ್ತು. ನಾವು ಹೋದಾಗ ಅವರು ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಾತಾಡಿದ್ದು ಮೈದುನನ ಮಗ ಶರಣಪ್ಪ.

"ದೊಡ್ಡವ್ವಗ ಫೋನ್ ಹಿಡ್ಯಾಕ ಬರಂಗಿಲ್ರಿ. ನನ್ನ ನಂಬರ ಹಾಕ್ರಿ. ಪಾಸ್‌ಬುಕ್ಕ ನನ್ನ ಹಂತ್ಯಾಕ ಅದ, ಎಲ್ಲಾ ನಾನ ನೋಡಿಕೊಳ್ಳಾಕತ್ತೇನಿ."

ಶರಣಪ್ಪ ಕೆಟ್ಟವನಾಗಿರಲಿಲ್ಲ. ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವನು ಅವನೇ ಎಂದು ಓಣಿಯವರೂ ಹೇಳಿದರು. ಆದರೆ ಲಾಗಿನ್ ಯಾರ ಕೈಯಲ್ಲಿರುತ್ತದೋ ಅವರು ಪಗಾರ ಯಾವ ಖಾತೆಗೆ ಬೀಳಬೇಕೆಂಬುದನ್ನೂ ಬದಲಾಯಿಸಬಹುದು. ಮೌಲಾಸಾಬರು ಗುರುಬಾಯಿಯ ಕಡೆ ತಿರುಗಿದರು. "ನೀವು ಹೇಳ್ರಿ, ಬಾಯೀ."

ಗುರುಬಾಯಿ ಮೊರ ಕೆಳಗಿಟ್ಟರು. "ಹುಡುಗ ಚೊಲೋ ಅದಾನ್ರಿ. ಗುಳಿಗಿ ಬೇಕಂದ್ರೂ ಕೇಳಬೇಕಾಗ್ತದ, ಮಗಳ ಊರಿಗಿ ಹೋಗಬೇಕಂದ್ರೂ ಕೇಳಬೇಕಾಗ್ತದ. ಅಷ್ಟ." ಇಷ್ಟು ಹೇಳಿ ಎದ್ದು ಜೋಳದ ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿದರು. ಹೊರಗೆ ಬಂದದ್ದು ಬಟ್ಟೆಯಲ್ಲಿ ಸುತ್ತಿದ ಒಂದು ಬಟನ್ ಫೋನು. "ದೀಪಾವಳಿಗಿ ಹೋದಾಗ ಮಗಳು ಕೊಡಿಸ್ಯಾಳ. ಸಿಮ್ ನನ್ನ ಹೆಸರಿಲೇ ಅದ."

ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಚಾರ್ಜಿಗಿಟ್ಟು ಅರ್ಧ ತಾಸು ಎಲ್ಲರೂ ಅದನ್ನೇ ನೋಡುತ್ತ ಕೂತೆವು. ಶರಣಪ್ಪನ ಮುಖ ಸಣ್ಣದಾಗಿತ್ತು.

"ನನಗ ಒಂದ ಮಾತ ಹೇಳಬಾರದಾಗಿತ್ತೇನ, ದೊಡ್ಡವ್ವಾ?"

"ನೀ ಕೇಳಿದ್ಯೇನು?" ಎಂದರು ಗುರುಬಾಯಿ.

ಆ ಸಿಟ್ಟನ್ನು ಅವನು ಮೌಲಾಸಾಬರ ಮೇಲೆ ತೀರಿಸಿಕೊಂಡ. "ಇಷ್ಟ ವರ್ಷ ಎಲ್ಲಾರದೂ ನಿಮ್ಮ ಫೋನಿಗೇ ಬರ್ತಿತ್ತಲ್ರಿ ಸಾಬ್ರ. ಆವಾಗ ಈ ಉಪದೇಶ ಎಲ್ಲಿತ್ತು?"

ಮೌಲಾಸಾಬರು ಕಿವಿಯ ಮೇಲಿನ ಪೆನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟರು. ಆಮೇಲೆ ಹೇಳಿದರು: "ಇರಲಿಲ್ಲಪಾ. ನಾನೂ ನಿನ್ನಂಗ, ಪಾಪ ಇವರಿಗೇನ ತಿಳೀತದ ಅಂತ ಮಾಡಿದೆ. ಹೆಬ್ಬಟ್ಟ ಒತ್ತಸೂಕಿಂತ ಮೊದಲ ಓದಿ ಕೇಳಸಾಂವ ನಾನು, ಇದನ್ನ ಯಾರಿಗೂ ಕೇಳಿಸಲಿಲ್ಲ. ತಪ್ಪು ನಂದ ಅದ. ಅದನ್ನ ವಾಪಸ್ ಕೊಡಾಕ ಊರೂರು ತಿರಗಾಕತ್ತೇನಿ."

"ಈಗ ಆಕಿ ಒತ್ತೂವಾಗ ನೀವು ನೋಡಂಗಿಲ್ಲಂತ ಏನ ಖಾತ್ರಿ?"

ಅದು ಸರಿಯಾದ ಪ್ರಶ್ನೆಯಾಗಿತ್ತು. ಮೌಲಾಸಾಬರು ಲ್ಯಾಪ್‌ಟಾಪನ್ನು ಗುರುಬಾಯಿಯ ಮುಂದೆ ಸರಿಸಿ, ಅಂಕಿಗಳ ಜಾಗ ತೋರಿಸಿದರು. ತಮ್ಮ ಸ್ಟೂಲು ಎತ್ತಿ ಗೋಡೆಯ ಕಡೆ ತಿರುಗಿಸಿ ಕೂತರು. "ನೀನೂ ಬಾ ಶರಣಪ್ಪ, ನನ್ನ ಬಾಜೂಕ ಕೂಡು. ನೀ ನನ್ನ ನೋಡು, ನಾ ನಿನ್ನ ನೋಡ್ತೀನಿ." ಆಮೇಲೆ ನನಗೆ, "ಪೇಪರನವರ, ನೀವೂ."

ನಾವು ಮೂವರೂ ಗೋಡೆಗೆ ಮುಖ ಮಾಡಿ ಕೂತೆವು. ಗೋಡೆಯ ಮೇಲೆ ಒಂದು ಮೊಳೆ, ಅದಕ್ಕೆ ನೇತುಹಾಕಿದ ಎತ್ತಿನ ಗೆಜ್ಜೆಪಟ್ಟಿ. ಬೆನ್ನ ಹಿಂದೆ ಒಂದೊಂದೇ ಅಂಕಿಯ ಸದ್ದು.

"ಆತೇನ್ರಿ, ಬಾಯೀ?"

"ತಡ್ರಿ."

ಪಿನ್ನನ್ನು ಎರಡು ಸಲ ಒತ್ತಬೇಕು. ಒಟ್ಟು ಹನ್ನೆರಡು ಸದ್ದು. ನಾನು ಎಣಿಸಿದೆ. ಕೊನೆಗೆ "ಆತ್ರಿ" ಎಂದರು. ತಿರುಗಿದಾಗ ಪರದೆಯ ಮೇಲೆ ಹಸಿರು ಗುರುತು ಬಂದಿತ್ತು. ಶರಣಪ್ಪ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಪಾಸ್‌ಬುಕ್ಕು ತಂದು ದೊಡ್ಡಮ್ಮನ ಮೊರದ ಪಕ್ಕದಲ್ಲಿಟ್ಟ.

ಇಷ್ಟನ್ನೂ ನಾನು ಬರೆದು ಕಳಿಸಿದೆ. ಪತ್ರಿಕೆಯಲ್ಲಿ ಮೂರು ಪ್ಯಾರಾ ಬಂತು, ಗೋಡೆಯ ಸಂಗತಿ ಬರಲಿಲ್ಲ. ಗೋಡೆಗೆ ತಿರುಗುವ ಅಭ್ಯಾಸ ಮಾತ್ರ ಅವರಿಗೆ ಅಂದಿನಿಂದ ಅಂಟಿಕೊಂಡಿತು. ಸುತ್ತಲೂ ತಿರುಗುವ ಕುರ್ಚಿಯನ್ನು ಅದಕ್ಕಾಗಿಯೇ ತಂದರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಒಂದು ಶುಕ್ರವಾರ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಫೋನಿನ ಕಡೆ ಕೈ ತೋರಿಸಿ, "ಮುಂಜಾನಿಯಿಂದ ಒಮ್ಮೆನೂ ಟಿಣ್ ಅಂದಿಲ್ಲ ನೋಡ್ರಿ" ಎಂದರು. ಗಿರಾಕಿ ಕಡಿಮೆಯಾದರಲ್ಲ ಎಂದೆ. "ಆಗ್ಯಾರ. ಕೆಲವೊಬ್ಬರು ಮನಿಯಾಗ ಕೂತ ಮಾಡಿಕೊಳ್ಳಾಕತ್ಯಾರ. ನನ್ನ ಅಂಗಡಿ ಖಾಲಿ ಆದ್ರ ನಾ ಕೆಲಸ ಸರಿ ಮಾಡೀನಂತ ಅರ್ಥ." ನಮಾಜಿನ ಹೊತ್ತಾಗಿತ್ತು. ಎದ್ದು ಹೊರಟರು. ಫೋನು ಮೇಜಿನ ಮೇಲೇ ಉಳಿಯಿತು. ರತ್ನಾಬಾಯಿ ಕೂಗಿದರು: "ಮಾಮಾ, ಫೋನ್ ಬಿಟ್ಟೀರಿ." ಅವರು ತಿರುಗದೆ ಕೈಯೆತ್ತಿ ಹೇಳಿದರು: "ಇರ್ಲಿ ಬಿಡವ್ವಾ. ಈಗ ಅದರಾಗ ಮಂದೀದು ಏನೂ ಇಲ್ಲ."

ಮುಂದಿನ ತಿಂಗಳು ಅವರು ತೀರಿಕೊಂಡರು. ಮಲಗಿದ್ದು ಎರಡೇ ದಿನ. ಅಂಗಡಿಯಲ್ಲಿ ಈಗ ಮಿಕ್ಸರ್ ರಿಪೇರಿ ನಡೆಯುತ್ತದೆ.

ಈಚೆಗೆ ಬೇರೆ ಕೆಲಸಕ್ಕೆ ಹುಮನಾಬಾದಿಗೆ ಹೋಗಿದ್ದಾಗ ಒಂದು ಸೇವಾ ಕೇಂದ್ರದ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಅಜ್ಜಿಗೂ ಕಂಪ್ಯೂಟರಿನವರಿಗೂ ಏನೋ ತಕರಾರು ನಡೆದಿತ್ತು.

"ಅಜ್ಜಿ, ಪಿನ್ ಹೇಳ್ರಿ. ನಾನ ಹಾಕ್ತೀನಿ. ಹಿಂದ ಸಾಲು ಅದ."

"ನಾನ ಹಾಕ್ತೀನಿ. ನೀವು ಮಾರಿ ಗ್ವಾಡಿ ಕಡಿ ಮಾಡ್ರಿ."

"ಏನಂತ?"

"ಗ್ವಾಡಿ ಕಡಿ. ಕಲ್ಯಾಣದ ಸಾಬ್ರು ಹಂಗ ಮಾಡ್ತಿದ್ರು. ನೀವು ತಿರಗೂ ತನಕ ನಾ ಒತ್ತಂಗಿಲ್ಲ."

ಧ್ವನಿಯಿಂದ ಗುರುತು ಸಿಕ್ಕಿತು. ಗುರುಬಾಯಿ. ಈಗ ಮಗಳ ಮನೆಯಲ್ಲಿದ್ದಾರೆ. ಜೀವಂತ ಇದ್ದೇನೆಂದು ದಾಖಲಿಸಲು ಬಂದಿದ್ದರು. ಕೇಂದ್ರದವರು ಸಾಲನ್ನೊಮ್ಮೆ ನೋಡಿದರು, ಅಜ್ಜಿಯನ್ನೊಮ್ಮೆ ನೋಡಿದರು. ಅಜ್ಜಿಯ ಕೈ ಅಲ್ಲಾಡಲಿಲ್ಲ. ಕೊನೆಗೆ ಅವರು ಕುರ್ಚಿ ತಿರುಗಿಸಿದರು.

ಗುರುಬಾಯಿ ಹಿಂದೆ ನೋಡಿದರು. ನನ್ನನ್ನು ಕಂಡರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಪೇಪರನವರ, ನೀವೂ."

ನಾನೂ ತಿರುಗಿದೆ. ಆ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ, ಬರೀ ಸುಣ್ಣ. ಬೆನ್ನ ಹಿಂದೆ ಒಂದೊಂದೇ ಅಂಕಿಯ ಸದ್ದು ಬರತೊಡಗಿತು. ನಾಲ್ಕನೆಯದಾದ ಮೇಲೆ ನಿಂತಿತು. ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಕೇಳಿದೆ.

"ಆತೇನ್ರಿ, ಬಾಯೀ?"

"ತಡ್ರಿ" ಎಂದರು ಗುರುಬಾಯಿ. ನಾವು ಕಾದೆವು.