ಹುಮನಾಬಾದಿನವರೆಗೆ ಹೋದ ಕೌದಿ

ಬಸವಕಲ್ಯಾಣದ ಅಂಚೆ ಕಚೇರಿಯಲ್ಲಿ ಆಗದು ಎಂದ ಪಾರ್ಸಲ್ಲು ಹುಮನಾಬಾದಿನಲ್ಲಿ ಆಗುತ್ತದೆ ಎಂದು ಪಕ್ಕದ ಮನೆಯ ಜೈನಬಿಗೆ ಯಾರೋ ಹೇಳಿದ್ದರು. ಎಲ್ಲಿಯೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ನಾನು ನಿವೃತ್ತ ಶಿಕ್ಷಕಿ, ಓಣಿಗೆಲ್ಲ ಅಕ್ಕೋರು; ಇಂಗ್ಲಿಷು ಬರುತ್ತದೆಂದು ಜೊತೆಗೆ ಕರೆದಳು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಗೊಣಗುತ್ತಲೇ ಹೊರಟೆ.

ಪಾರ್ಸಲ್ಲಿನಲ್ಲಿದ್ದದ್ದು ಕೌದಿ. ಚಳಿಗಾಲದಲ್ಲಿ ತೀರಿಕೊಂಡ ತಾಯಿಯ ಹಳೆ ಸೀರೆಗಳಿಂದ ಜೈನಬಿ ಹೊಲಿದದ್ದು, ಕರಾಚಿಗೆ ಮದುವೆಯಾಗಿ ಹೋದ ತಂಗಿ ಶಮೀಮಳಿಗಾಗಿ. ತಾಯಿಯನ್ನು ಮಣ್ಣು ಮಾಡುವಾಗ ಬರಲು ತಂಗಿಗೆ ವೀಸಾ ಸಿಕ್ಕಿರಲಿಲ್ಲ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ, ಕೌದಿ ಹಸಿದಿರಬಾರದೆಂದು. ಆ ತುತ್ತನ್ನು ತಂಗಿಯೇ ಇಡಲಿ ಎಂದು ಒಂದು ಮೂಲೆ ಹೊಲಿಯದೆ ಬಿಟ್ಟಿದ್ದಳು. ಮೇಲೆ ಬಿಳಿ ಬಟ್ಟೆ ಸುತ್ತಿ, ವಿಳಾಸ ನನ್ನಿಂದ ದಪ್ಪಕ್ಷರದಲ್ಲಿ ಬರೆಸಿದ್ದಳು.

ಮೂವತ್ತು ಚಿಲ್ಲರೆ ಕಿಲೋಮೀಟರ್. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಸೀಟು ಮಾತ್ರ ನೂಕಿ ಹಿಡಿಯಬೇಕು. ರಾಜೇಶ್ವರ ದಾಟುವಾಗ ಪಕ್ಕದ ಸೀಟಿನವನು ವಿಳಾಸ ಓದಿದ.

"ಪಾಕಿಸ್ತಾನಕ್ಕ ಏನ್ ಕಳಸಾಕತ್ತೀರಿ?"

ಹೊದಿಕೆ ಎಂದೆ. ನಂಬಲಿಲ್ಲವೇನೋ, ಎದ್ದು ಹಿಂದೆ ಹೋಗಿ ನಿಂತ. ಜೈನಬಿ ಗಂಟನ್ನು ಮಗುಚಿ ವಿಳಾಸ ಕೆಳಗೆ ಮಾಡಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಹುಮನಾಬಾದಿನಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಕೌಂಟರಿನವರು ಸಭ್ಯರು, ಕಾಶ್ಮೀರದ ದಾಳಿಯ ನಂತರ ಆ ದೇಶಕ್ಕೆ ಟಪಾಲೇ ನಿಂತಿದೆ, ಕಾಗದವೂ ಹೋಗದು ಎಂದರು. ಯಾವಾಗ ಶುರುವಾಗುತ್ತದೆ ಎಂದು ಕೇಳಿದ್ದಕ್ಕೆ ದಿಲ್ಲಿಯವರಿಗೆ ಗೊತ್ತು ಎಂದರು. ತಿರುಗಾಡಲು ಹೋದವರನ್ನು ಕೊಂದವರ ಮೇಲೆ ನನಗೂ ಕಡುಕೋಪವಿದೆ. ಆದರೆ ಅವರು ವೀಸಾ ಕೇಳಿ ಬಂದವರಲ್ಲ, ಟಪಾಲಿನಲ್ಲಿ ಬಂದವರೂ ಅಲ್ಲ. ಇಷ್ಟೆಲ್ಲ ಬಂದೋಬಸ್ತಿಗೆ ಸಿಕ್ಕಿಬಿದ್ದದ್ದು ಒಬ್ಬ ಮುದುಕಿಯ ಹಳೆ ಸೀರೆ.

ನಿಲ್ದಾಣದೆದುರು ಚಹಾ, ಮಿರ್ಚಿ ಭಜಿ ತಗೊಂಡೆವು. ಜೈನಬಿ ಭಜಿ ಮುಟ್ಟಲಿಲ್ಲ. ತಂಗಿಗೆ ಫೋನು ಹಚ್ಚಿ ಸುದ್ದಿ ಹೇಳಿದಳು. ನೀನೇ ತುತ್ತು ಇಟ್ಟು ಹೊಲಿದು ಹೊದ್ದುಕೋ ಎಂದು ಶಮೀಮ ಅತ್ತಳಂತೆ.

ಸಂಜೆ ಮನೆ ಮುಟ್ಟಿದ ಮೇಲೆ ನಾನೂ ಅದನ್ನೇ ಹೇಳಿದೆ: ರೊಟ್ಟಿ ತಾ, ಮೂಲೆ ಹೊಲಿದುಬಿಡೋಣ.

"ಬ್ಯಾಡ್ರಿ ಅಕ್ಕೋರೆ," ಎಂದಳು ಜೈನಬಿ. "ಅಕಿ ಬರೋ ತನಕ ಅದೂ ಉಪಾಸ ಇರ್ಲಿ."

ಗಂಟನ್ನು ಎತ್ತಿ ಗೋಡೆಯ ಗೂಡಿನಲ್ಲಿಟ್ಟಳು, ವಿಳಾಸ ಎಲ್ಲರಿಗೂ ಕಾಣುವ ಹಾಗೆ.