ಅಣ್ಣನ ಲೇತ್ ಕಚ್ಚಿಕೊಂಡಿದ್ದ ಪಿನ್ನು

ದೆವ್ವ, ಗಾಳಿ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅದೆಲ್ಲ ಕೆಲಸವಿಲ್ಲದವರ ಹರಟೆ ಅನ್ನುತ್ತಿದ್ದೆ. ಈಗ ಏನನ್ನುವುದೋ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಕಟ್ಟೆಮಳಲವಾಡಿಯಲ್ಲಿ ನಮ್ಮಣ್ಣ ಮನೆ ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಹಳೆಯದೊಂದು ಲೇತ್ ಇಟ್ಟುಕೊಂಡಿದ್ದ. ನನ್ನ ಟ್ರ್ಯಾಕ್ಟರಿಗೆ ಟ್ರೈಲರ್ ಸಿಕ್ಕಿಸುವ ಪಿನ್ನು ಕಡೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ನಮ್ಮಲ್ಲಿ ಹೂಳುವುದು. ಸತ್ತವರ ಇಷ್ಟದ್ದನ್ನು ಜೊತೆಗೇ ಇಡುತ್ತೇವೆ, ಬೀಡಿಯೋ ಎಲೆಯಡಿಕೆಯೋ. ಅಣ್ಣನ ಜೇಬಿನಲ್ಲಿ ಸದಾ ಇರುತ್ತಿದ್ದದ್ದು ಚಕ್ ಕೀ, ಅಂದರೆ ಕಬ್ಬಿಣ ಕಚ್ಚಿ ತಿರುಗಿಸುವ ಚಕ್ಕನ್ನು ಬಿಗಿಯುವ, ಸಡಿಲಿಸುವ ಕೀಲಿ. ಅದನ್ನೇ ಅವನ ಕೈಗಿಟ್ಟು ಮಣ್ಣೆಳೆದೆವು. ಆ ಹೊತ್ತಿನಲ್ಲಿ ಯಾರಿಗೆ ತಲೆ ಓಡುತ್ತದೆ?

ಮಾರನೆಯ ವರ್ಷ ಅತ್ತಿಗೆ, "ಲೇತ್ ಮಾರ್ಬೇಡಿ ಕಣಪ್ಪ. ನಾನೇ ಕಲ್ತು ಓಡುಸ್ತೀನಿ. ಇನ್ನೊಬ್ರ ಮುಂದೆ ಕೈ ಚಾಚಾಕಿಲ್ಲ" ಅಂದರು. ಗುಜರಿಗೆ ಹಾಕಬೇಕು ಅಂತಿದ್ದವನು ನಾನು. ಹುಣಸೂರಿನಿಂದ ಫಿಟರ್ ನಂಜುಂಡನನ್ನು ಕರೆತಂದೆ. ಓಡುವ ಹಾಗಿದ್ದರೆ ಅತ್ತಿಗೆಗೆ, ಇಲ್ಲದಿದ್ದರೆ ಗುಜರಿಗೆ ಅಂತ ಮಾತಾಯಿತು. ಮೋಟಾರನ್ನು ಮೊದಲೇ ಬಿಚ್ಚಿ, ತಂತಿ ಹೊಸದಾಗಿ ಸುತ್ತಿಸಲು ರಿವೈಂಡಿಂಗಿಗೆ ಕಳಿಸಿದ್ದೆ, ಲೇತ್ ತಿರುಗುವ ಹಾಗಿರಲಿಲ್ಲ.

ನಂಜುಂಡ ಸೀಮೆಎಣ್ಣೆ ಹಾಕಿ ತುಕ್ಕು ಉಜ್ಜಿದ, ಲೇತಿನ ಉದ್ದನೆಯ ಕಬ್ಬಿಣದ ಹಾಸು, ಅಂದರೆ ಬೆಡ್ಡಿನ ಮೇಲೆ ಬೆರಳಾಡಿಸಿದ. "ಇಲ್ಲಿ ಒಸಿ ಸವ್ದದೆ, ಆದ್ರೂ ಕೆಲ್ಸ ನಡೀತದೆ" ಅಂದ. ಆದರೆ ಅಣ್ಣನ ಅರ್ಧ ಕಡೆದ ಪಿನ್ನು ಚಕ್ಕಿನ ಬಾಯಲ್ಲೇ ಇತ್ತು. ನಂಜುಂಡ ತಂದ ಯಾವ ಕೀಯೂ ಕೂರಲಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೂ ಜಗ್ಗಲಿಲ್ಲ.

"ಇದ್ರ ಕೀ ಎಲ್ಲಣ್ಣ?"

"ನಮ್ಮಣ್ಣನ ತಾವೇ ಅದೆ ಕಣಪ್ಪ."

ಅವನಿಗೆ ಅರ್ಥವಾಯಿತು. "ತುಕ್ಕಿಡ್ದು ಕಚ್ಕಂಡದೆ, ಹೊಸ ಕೀ ಮಾಡ್ಸಿದ್ರೂ ತಿರುಗಾಕಿಲ್ಲ. ಚಕ್ ಒಡೀಬೇಕಾಯ್ತದೆ. ಇಂಥ ಹಳೇದಕ್ಕೆ ಬೇರೆ ಸಿಗಾಕಿಲ್ಲ. ಗುಜರಿಗೇ ಹಾಕ್ಬುಡಿ" ಅಂದ. ಬಾಗಿಲಲ್ಲಿದ್ದ ಅತ್ತಿಗೆ ಒಳಗೆ ಹೋಗಿ ತಟ್ಟೆ ಇಟ್ಟರು.

ಶೆಡ್ಡಿಗೆ ಬೀಗ ಹಾಕಿ, ಬೀಗದ ಕೈ ಉಡಿದಾರಕ್ಕೆ ಸಿಕ್ಕಿಸಿಕೊಂಡು ನಂಜುಂಡನ ಜೊತೆ ಉಣ್ಣಲು ಕೂತೆ. ಮುದ್ದೆ, ಬಸ್ಸಾರು. ಅತ್ತಿಗೆ ನಮ್ಮೆದುರೇ ಕೂತು ಬಡಿಸಿದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೈ ತೊಳೆದು ಬಂದು ಬೀಗ ತೆಗೆದರೆ ಚಕ್ ಬಾಯಿ ಬಿಟ್ಟುಕೊಂಡಿತ್ತು. ಬೆಡ್ಡಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಪಿನ್ನು.

ಏಟಿಗೆ ಸಡಿಲವಾಗಿ ಬಿದ್ದಿರಬಹುದು ಅಂದುಕೊಂಡೆ. ಬೀಳುವ ಕಬ್ಬಿಣ ತಾನೇ ಹಲಗೆ ಹಾಸಿಕೊಂಡು ಬೀಳುತ್ತದಾ? ಊಟಕ್ಕೆ ಹೋಗುವಾಗ ಆ ಹಲಗೆ ಮೂಲೆಯಲ್ಲಿತ್ತು. ಬರಿ ಬೆಡ್ಡಿನ ಮೇಲೆ ಏನಾದರೂ ಇಟ್ಟರೆ "ಬೆಡ್ಡಿಗೆ ಏಟು ಬೀಳ್ತದೆ ಕಣ್ಲಾ" ಅಂತ ಅಣ್ಣ ನನ್ನನ್ನು ಬೈಯುತ್ತಿದ್ದ. ಪಿನ್ನು ಎತ್ತಿಕೊಂಡೆ. ಆಗಷ್ಟೇ ಕಡೆದು ಇಳಿಸಿದ ಹಾಗೆ ಬಿಸಿಯಾಗಿತ್ತು. ಚಕ್ ಮುಟ್ಟಿದೆ, ತಣ್ಣಗಿತ್ತು.

ನಂಜುಂಡ ಸಾಮಾನು ಬಾಚಿಕೊಂಡು ಟೀ ಕೂಡ ಕುಡಿಯದೆ ಹೊರಟುಬಿಟ್ಟ. ನನಗೆ ಭಯವೂ ಆಗಲಿಲ್ಲ, ಅಳುವೂ ಬರಲಿಲ್ಲ. ಅಣ್ಣ ಹೋದಾಗಿನಿಂದ ಒಳಗೆಲ್ಲ ಜೋಮು ಹಿಡಿದ ಹಾಗಿತ್ತು, ಅವತ್ತೂ ಹಾಗೇ ಇತ್ತು. ಪಿನ್ನನ್ನು ಅತ್ತಿಗೆಗೆ ಕೊಟ್ಟೆ. ಅವರು ಸೆರಗಿನಲ್ಲಿ ಹಿಡಿದುಕೊಂಡು, "ಇನ್ನೂ ಆರಿಲ್ಲ" ಅಂದರು.

ಈಗ ಲೇತ್ ಓಡಿಸುವವರು ಅತ್ತಿಗೆಯೇ. ಹೊಸ ಕೀ ಮಾಡಿಸಿಕೊಂಡರು. ಮೊದಲು ಕಡೆದು ಮುಗಿಸಿದ್ದು ಆ ಪಿನ್ನನ್ನೇ. ಬೆಳಿಗ್ಗೆ ಟ್ರೈಲರಿಗೆ ಸಿಕ್ಕಿಸುವ ಮುಂಚೆ ಅದನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ನಿಲ್ಲುತ್ತೇನೆ. ಯಾಕೆ ಅಂತ ಕೇಳಬೇಡಿ. ಒಂದು ದಿನವೂ ಬಿಸಿ ಇರಲಿಲ್ಲ.